ಸತುವಿನ ಲೇಪದ ಸೈನಿಕರು: ಅಮೆರಿಕದ ಪಶ್ಚಿಮ ಗಡಿಯಲ್ಲಿ ಯುದ್ಧಕೈದಿಗಳು

ಅಮೆರಿಕದ ಅಂತರ್ಯುದ್ಧವನ್ನು ಓದುವಾಗ ನಮ್ಮ ಗಮನವೆಲ್ಲ ಪೂರ್ವದ ರಣರಂಗಗಳ ಮೇಲೆ ನಿಲ್ಲುವುದರಿಂದ, ಅದೇ ಯುದ್ಧದ ಸೆರೆಶಿಬಿರಗಳಿಂದ ಪಶ್ಚಿಮದ ಬಯಲುಸೀಮೆಗೆ ಹೋದ 5,500ಕ್ಕೂ ಹೆಚ್ಚು ಸೈನಿಕರು ಕಣ್ತಪ್ಪಿಹೋಗುತ್ತಾರೆ. ದಕ್ಷಿಣದ ಕಾನ್ಫೆಡರೇಟ್ ಪಕ್ಷದಲ್ಲಿದ್ದು ಸೆರೆಸಿಕ್ಕ ಇವರು, ಉತ್ತರದ ಯೂನಿಯನ್ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಅದರ ನೀಲಿ ಸಮವಸ್ತ್ರವನ್ನೇ ತೊಟ್ಟರು. ಇವರಿಗೆ 'ಗ್ಯಾಲ್ವನೈಸ್ಡ್ ಯಾಂಕಿಗಳು', ಅಂದರೆ ಸತುವಿನ ಲೇಪದ ಉತ್ತರದವರು, ಎಂದು ಹೆಸರಾಯಿತು. ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟರೂ ಒಳಗಿರುವುದು ಕಬ್ಬಿಣವೇ ಎಂಬ ಅನುಮಾನ ಆ ಹೆಸರಿನಲ್ಲಿದೆ.

ಅವರು ಪಕ್ಷ ಬದಲಿಸಿದ್ದೇಕೆ ಎಂಬುದನ್ನು ನಿಧಾನವಾಗಿ ಅರಿಯಬೇಕು. ಕಪ್ಪು ವರ್ಣದ ಯೂನಿಯನ್ ಸೈನಿಕರನ್ನು ಯುದ್ಧಕೈದಿಗಳೆಂದು ಒಪ್ಪಲು ದಕ್ಷಿಣವು ನಿರಾಕರಿಸಿದ್ದು ಮುಖ್ಯ ಕಾರಣವಾಗಿ, 1863ರಲ್ಲಿ ಕೈದಿಗಳ ವಿನಿಮಯ ಒಪ್ಪಂದ ಕುಸಿದುಬಿತ್ತು. ಬಿಡುಗಡೆಯ ದಾರಿ ಮುಚ್ಚಿದ ಮೇಲೆ ಮೇರಿಲ್ಯಾಂಡಿನ ಪಾಯಿಂಟ್ ಲುಕೌಟ್, ಇಲಿನಾಯ್‌ನ ರಾಕ್ ಐಲ್ಯಾಂಡ್ ಮುಂತಾದ ಶಿಬಿರಗಳು ಕಿಕ್ಕಿರಿದವು. ಚಳಿ, ಅರೆಹೊಟ್ಟೆ, ಸಿಡುಬು ಕೈದಿಗಳನ್ನು ಕಾಡಿದವು. ಹೀಗಿರುವಾಗ ಮಾಡಿದ ಪ್ರಮಾಣವನ್ನು ದ್ರೋಹವೆಂದಾಗಲಿ, ಮನಃಪರಿವರ್ತನೆಯೆಂದಾಗಲಿ ಒಂದೇ ಮಾತಿನಲ್ಲಿ ಬರೆದುಬಿಡುವುದು ತಪ್ಪೆಂದು ನನ್ನ ಭಾವನೆ. ಗುಲಾಮರ ಒಡೆಯರ ಯುದ್ಧದಲ್ಲಿ ಮೊದಲಿನಿಂದಲೂ ಒಲವಿಲ್ಲದವರು ಇವರಲ್ಲಿದ್ದರು. ಬದುಕಿ ಉಳಿದರೆ ಸಾಕೆಂದವರೂ ಇದ್ದರು.

1864ರ ಆರಂಭದಲ್ಲಿ ಯೂನಿಯನ್ ಸೇನೆಯ ಜನರಲ್ ಬೆಂಜಮಿನ್ ಬಟ್ಲರ್ ಪಾಯಿಂಟ್ ಲುಕೌಟ್‌ನಲ್ಲಿ ಮೊದಲ ರೆಜಿಮೆಂಟನ್ನು ಕಟ್ಟಿದನು. ಇವರು ಹಳೆಯ ಸಂಗಾತಿಗಳ ಕೈಗೆ ಸಿಕ್ಕಿದರೆ ಪಲಾಯನ ಮಾಡಿದವರೆಂದು ಮರಣದಂಡನೆಗೆ ಗುರಿಯಾಗುವ ಭಯವಿತ್ತು. ಅವರನ್ನು ದಕ್ಷಿಣದ ಸೇನೆಗೆ ಎದುರಾಗಿ ನಿಲ್ಲಿಸುವುದನ್ನು ಒಪ್ಪದ ಯೂನಿಯನ್ ಸೇನೆಗಳ ಮುಖ್ಯಸ್ಥ ಜನರಲ್ ಗ್ರಾಂಟ್, ಆ ವರ್ಷದ ಆಗಸ್ಟ್‌ನಲ್ಲಿ ರೆಜಿಮೆಂಟನ್ನು ವಾಯವ್ಯ ಗಡಿಗೆ, ಎಂದರೆ ವಲಸೆಗಾರರ ನೆಲೆಗಳ ಅಂಚಿನ ಸೀಮೆಗೆ, ಕಳುಹಿಸಿದನು. ಅಲ್ಲಿಯೂ ಸೈನಿಕರ ಕೊರತೆಯಿತ್ತು. ಮುಂದೆ ಒಟ್ಟು ಆರು ರೆಜಿಮೆಂಟುಗಳಾದವು.

ಗಡಿಯ ಕೆಲಸವೆಂದರೆ ಹೆಚ್ಚಾಗಿ ಕಾವಲು: ಟೆಲಿಗ್ರಾಫ್ ತಂತಿ, ಅಂಚೆಬಂಡಿಗಳ ತಂಗುದಾಣ, ವಲಸೆಗಾರರ ಬಂಡಿಸಾಲು. ಮಿಸೌರಿ ನದಿಯ ದಂಡೆಯ ಫೋರ್ಟ್ ರೈಸ್‌ನಲ್ಲಿ 1864–65ರ ಚಳಿಗಾಲ ಕಳೆದವರಲ್ಲಿ, ತರಕಾರಿಯಿಲ್ಲದೆ ಸ್ಕರ್ವಿಗೆ ಮತ್ತು ಇತರ ಕಾಯಿಲೆಗಳಿಗೆ ಬಲಿಯಾದವರು ಬಹಳ. ಆದರೂ ಅದೇ ಕೋಟೆಯಲ್ಲಿ ಅವರು 'ಫ್ರಾಂಟಿಯರ್ ಸ್ಕೌಟ್' ಎಂಬ ಪತ್ರಿಕೆಯನ್ನು ಅಚ್ಚುಹಾಕಿದರೆಂಬುದು ಮನಸ್ಸನ್ನು ತಟ್ಟುತ್ತದೆ. ಆ ನೆಲ ಲಕೋಟ, ಶಾಯೆನ್, ಅರಾಪಹೋ ಎಂಬ ಮೂಲನಿವಾಸಿ ಜನರದಾಗಿತ್ತೆಂಬುದನ್ನೂ ಇಲ್ಲಿ ಮರೆಯಬಾರದು. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್‌ನಲ್ಲಿ ಕೊಲೊರಾಡೋ ಪಡೆಗಳು ಶಾಯೆನ್ ಮತ್ತು ಅರಾಪಹೋ ಹೆಂಗಸರು, ಮಕ್ಕಳನ್ನೂ ಬಿಡದೆ ಕೊಂದ ಮೇಲೆ ಭುಗಿಲೆದ್ದ ಪ್ರತೀಕಾರದ ದಾಳಿಗಳ ನಡುವೆಯೇ ಈ ಸೈನಿಕರು ಕಾವಲಿಗೆ ನಿಲ್ಲಬೇಕಾಯಿತು.

ಪ್ರಮಾಣ ಮಾಡಲೊಪ್ಪದೆ ಶಿಬಿರಗಳಲ್ಲೇ ಉಳಿದ ಕೈದಿಗಳು, ಯುದ್ಧ ಮುಗಿದ 1865ರ ಬೇಸಿಗೆಯ ಹೊತ್ತಿಗೆ ಬಿಡುಗಡೆಗೊಂಡು ಊರು ಸೇರತೊಡಗಿದ್ದರು. ಬಿಡುಗಡೆಗಾಗಿ ನೀಲಿ ಅಂಗಿ ತೊಟ್ಟವರಲ್ಲಿ ಕೊನೆಯವರಿಗೆ ಸೇವೆಯಿಂದ ಮುಕ್ತಿ ದೊರೆತದ್ದು 1866ರ ನವೆಂಬರ್‌ನಲ್ಲಿ.