ಐದು ಭಾಗಾಕಾರ ಮಾಡಿದ್ದರೆ ಸಾಕಿತ್ತು

2ರಿಂದ ಶುರು ಮಾಡಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತಾ ಹೋಗಿ: 2, 4, 16, 256, 65536. ಈಗ ಒಂದೊಂದಕ್ಕೂ 1 ಕೂಡಿಸಿ. 3, 5, 17, 257, 65537 ಸಿಗುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ.

ಆರನೆಯದು 4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದೂ ಅವಿಭಾಜ್ಯವೇ, ಮುಂದಿನವೂ ಹಾಗೇ ಎಂದು ಪಿಯರ್ ದ ಫರ್ಮಾ 1640ರಲ್ಲಿ ಗೆಳೆಯರಿಗೆ ಪತ್ರ ಬರೆದ. ಫ್ರಾನ್ಸಿನ ತುಲೂಸ್‌ನಲ್ಲಿ ಅವನದು ನ್ಯಾಯಾಲಯದ ಕೆಲಸ, ಗಣಿತ ಬಿಡುವಿನ ಹುಚ್ಚು. ಸಾಧಿಸಿ ತೋರಿಸಲು ಆಗಿಲ್ಲ ಅಂತ ಒಪ್ಪಿಕೊಂಡಿದ್ದ. ಆದರೂ ನಂಬಿಕೆ ಮಾತ್ರ ಗಟ್ಟಿ.

ಸುಮಾರು ತೊಂಬತ್ತು ವರ್ಷ ಆ ಮಾತು ಹಾಗೇ ಉಳಿಯಿತು. 1729ರ ಡಿಸೆಂಬರ್‌ನಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಒಂದು ಪತ್ರದ ಕೊನೆಗೆ, ಫರ್ಮಾನ ಈ ಮಾತು ನಿನಗೆ ಗೊತ್ತಾ ಎಂದು ಇನ್ನೊಬ್ಬ ಗಣಿತಜ್ಞ ಆಯ್ಲರ್‌ನನ್ನು ಕೇಳಿದ. 22ರ ಹುಡುಗ ಆಯ್ಲರ್ ಮೊದಲು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಗೋಲ್ಡ್‌ಬಾಖ್ ಬಿಡಲಿಲ್ಲ. 1732ರಲ್ಲಿ ಉತ್ತರ ಬಂತು: 641ನ್ನು 67,00,417ರಿಂದ ಗುಣಿಸಿದರೆ ಸಿಗುವುದು ಅದೇ 4294967297.

641 ಅಷ್ಟೇ! ಇಷ್ಟು ಸಣ್ಣ ಸಂಖ್ಯೆ ಯಾರ ಕಣ್ಣಿಗೂ ಬೀಳಲಿಲ್ಲವಾ?

ಇನ್ನೂ ಸೋಜಿಗದ ಸಂಗತಿ ಬೇರೆಯೇ ಇದೆ. ಅದನ್ನು ಹುಡುಕುವ ಉಪಾಯ ಫರ್ಮಾನ ಕೈಯಲ್ಲೇ ಇತ್ತು. 7ನ್ನು ತೆಗೆದುಕೊಳ್ಳಿ. ಅದಕ್ಕಿಂತ ಒಂದು ಕಡಿಮೆ, ಅಂದರೆ ಆರು 2ಗಳನ್ನು ಗುಣಿಸಿದರೆ 64. ಅದನ್ನು 7ರಿಂದ ಭಾಗಿಸಿದರೆ ಶೇಷ 1. 2ನ್ನು ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆಗೂ ಹೀಗೇ ಆಗುತ್ತದೆ. 1640ರಲ್ಲಿ ಈ ನಿಯಮವನ್ನು ಹೇಳಿದವನು ಅವನೇ. ಇದನ್ನೇ ಸ್ವಲ್ಪ ಎಳೆದರೆ, 4294967297ನ್ನು ಭಾಗಿಸಬಲ್ಲ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದು 64ರ ಗುಣಕಕ್ಕೆ 1 ಕೂಡಿಸಿದ್ದೇ ಆಗಿರಬೇಕು. 65, 129 ಅವಿಭಾಜ್ಯವಲ್ಲ, ಬಿಡಿ. ಅಂಥವನ್ನೆಲ್ಲ ಕಳೆದರೆ ಉಳಿಯುವ ಸಾಲು 193, 257, 449, 577, 641.

ಭಾಗಿಸಿ ನೋಡೋಣ. 193ಕ್ಕೆ ಶೇಷ 109. 257ಕ್ಕೆ 2. (ಇದು ಆಕಸ್ಮಿಕವಲ್ಲ. 257 ಫರ್ಮಾನ 3, 5, 17, 257 ಪಟ್ಟಿಯಲ್ಲೇ ಇದೆ. ಆ ಪಟ್ಟಿಯ ಯಾವ ಸಂಖ್ಯೆಯನ್ನಾದರೂ ಅದಕ್ಕಿಂತ ಹಿಂದಿನ ಯಾವುದರಿಂದಲೇ ಭಾಗಿಸಿ, ಶೇಷ 2 ಬರುತ್ತದೆ. 3ರಿಂದ ಭಾಗಿಸಿದಾಗಲೂ ಅಷ್ಟೇ.) 449ಕ್ಕೆ 325, 577ಕ್ಕೆ 288. ಐದನೆಯ 641ಕ್ಕೆ ಸೊನ್ನೆ. ಪೆನ್ನು ಹಿಡಿದು ಕೂತರೆ ಅರ್ಧ ಗಂಟೆಯೂ ಬೇಡ.

ಅವನು ಈ ಉಪಾಯ ಮರೆತಿದ್ದನೇ? ಅದೇ ವರ್ಷ ಇಂಥದೇ ದಾರಿಯಲ್ಲಿ ಇನ್ನೊಂದು ದೈತ್ಯನನ್ನು ಅವನು ಮುರಿದಿದ್ದ. ಮೂವತ್ತೇಳು 2ಗಳನ್ನು ಗುಣಿಸಿ 1 ಕಳೆದರೆ ಬರುವ ಸಂಖ್ಯೆ 223ರಿಂದ ಭಾಗವಾಗುತ್ತದೆ ಎಂದು ಕಂಡುಹಿಡಿದವನೂ ಫರ್ಮಾನೇ. 4294967297ರಲ್ಲೂ ಇದನ್ನೇ ಮಾಡಿ, ಎಲ್ಲೋ ಲೆಕ್ಕ ತಪ್ಪಿರಬೇಕು ಎಂದು ನನಗನ್ನಿಸುತ್ತದೆ.

ಮಾತು ಸುಳ್ಳಾದರೂ ಫರ್ಮಾನ ಪಟ್ಟಿ ವ್ಯರ್ಥವಾಗಲಿಲ್ಲ. 1796ರಲ್ಲಿ ಹದಿನೆಂಟರ ಜರ್ಮನ್ ಗಣಿತಜ್ಞ ಗೌಸ್, 17 ಸಮ ಬಾಹು, ಸಮ ಕೋನಗಳ ಆಕೃತಿಯನ್ನು ಬರೀ ಕೈವಾರ, ಅಳತೆಯ ಗುರುತಿಲ್ಲದ ನೇರಪಟ್ಟಿಯಿಂದ ರಚಿಸಬಹುದು ಎಂದು ತೋರಿಸಿದ. ಆ 17 ಇದೇ ಪಟ್ಟಿಯದು. 1880ರಲ್ಲಿ 82 ವರ್ಷದ ಫ್ರೆಂಚ್ ಗಣಿತಜ್ಞ ಲಾಂಡ್ರಿ ಏಳನೆಯ ಸಂಖ್ಯೆಯನ್ನು 2,74,177ರಿಂದ ಒಡೆದ. ಆರನೆಯದರಿಂದ ಮೂವತ್ಮೂರನೆಯದರವರೆಗೆ ಒಂದೂ ಅವಿಭಾಜ್ಯವಲ್ಲ ಎಂದು ಈಗ ಗೊತ್ತಾಗಿದೆ. ಮೂವತ್ನಾಲ್ಕನೆಯದರಲ್ಲಿ 258 ಕೋಟಿಗೂ ಜಾಸ್ತಿ ಅಂಕಿಗಳಿವೆ. ಅದರ ಹಣೆಬರಹ ಇನ್ನೂ ತೀರ್ಮಾನವಾಗಿಲ್ಲ.