ಯಾವ ಬಿಂದುವಿಗೆ ಯಾವ ಬಿಂದು ಜೋಡಿ?

ಥ್ರೀಡಿ ಮಾದರಿ ತಯಾರಿಸುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ: ಮೇಲ್ಮೈ ಕೆಟ್ಟದಾಗಿ ಕಂಡರೆ ಅದನ್ನು ಕಟ್ಟುವ ಬಹುಭುಜಗಳ ಸಂಖ್ಯೆ ಹೆಚ್ಚಿಸಿದರಾಯಿತು, ಎಲ್ಲವೂ ಸರಿಹೋಗುತ್ತದೆ. ಹೂದಾನಿಯ ಬಾಯಿಗೊಂದು ವೃತ್ತ, ತಳಕ್ಕೊಂದು ವೃತ್ತ ಬರೆದು, ನಡುವೆ ಮೇಲ್ಮೈ ಹೊದಿಸುವ ‘ಲಾಫ್ಟ್’ ಆದೇಶ ಕೊಡುತ್ತಾರೆ. ನಡುವೆ ಎದ್ದ ಮೇಲ್ಮೈ ತಿರುಚಿಕೊಂಡಿದ್ದರೆ ವಿಭಾಗಗಳನ್ನು 10ರಿಂದ 100ಕ್ಕೆ ಏರಿಸುತ್ತಾರೆ. ತಿರುಚು ಹಾಗೆಯೇ ಉಳಿಯುತ್ತದೆ, ಕಡತ ಭಾರವಾಗುತ್ತದೆ. ಈ ನಂಬಿಕೆ ಎಷ್ಟು ತಪ್ಪು ಎಂಬುದು ಗಣಿತಜ್ಞರಿಗೆ ಕಂಪ್ಯೂಟರ್ ಹುಟ್ಟುವ ಅರ್ಧ ಶತಮಾನಕ್ಕೂ ಮೊದಲೇ ಗೊತ್ತಿತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಮೂಲ ಸಂಗತಿ. ಎರಡು ವಕ್ರರೇಖೆಗಳ ನಡುವೆ ಯಾವ ಮೇಲ್ಮೈಯೂ ಮುಂಚೆಯೇ ಅಡಗಿ ಕುಳಿತಿರುವುದಿಲ್ಲ. ಮೇಲಿನ ರೇಖೆಯ ಯಾವ ಬಿಂದುವಿಗೆ ಕೆಳಗಿನ ರೇಖೆಯ ಯಾವ ಬಿಂದು ಜೋಡಿ ಎಂದು ತಂತ್ರಾಂಶ ಮೊದಲು ನಿರ್ಧರಿಸುತ್ತದೆ. ಆ ಜೋಡಿಗಳ ನಡುವೆ ಅಂಚುಗಳನ್ನು ಎಳೆದು, ಉಳಿದ ಸಂದುಗಳನ್ನು ಚತುರ್ಭುಜ, ತ್ರಿಭುಜಗಳಿಂದ ಮುಚ್ಚುತ್ತದೆ. ರೇಖೆಗಳು ಅವೇ ಇದ್ದರೂ ಜೋಡಿ ಬದಲಾದರೆ ಬೇರೆಯೇ ಆಕಾರ ಹುಟ್ಟುತ್ತದೆ. ಅಂಗಿಗೆ ತೋಳು ಕೂಡಿಸುವ ದರ್ಜಿಗೆ ಇದು ಚೆನ್ನಾಗಿ ಗೊತ್ತು. ತೋಳಿನ ಬಟ್ಟೆಯ ಅಂಚು, ಅದು ಕೂರಬೇಕಾದ ಕಂಕುಳಿನ ಅಂಚು ಎರಡೂ ವಕ್ರ, ಉದ್ದವೂ ಸಮನಲ್ಲ. ಅವನು ತೋಳಿನ ನಡುಬಿಂದುವನ್ನು ಭುಜದ ಹೊಲಿಗೆಗೆ ಸೇರಿಸಿ ಗುರುತು ಹಾಕಿಕೊಂಡು, ಹೆಚ್ಚುವರಿ ಬಟ್ಟೆಯನ್ನು ಎರಡೂ ಕಡೆ ಹಂಚಿದ ಮೇಲೆಯೇ ಹೊಲಿಗೆ ಹಾಕುತ್ತಾನೆ. ಗುರುತು ಎರಡು ಬೆರಳಿನಷ್ಟು ಜಾರಿದರೂ ತೋಳು ತಿರುಗಿಕೊಳ್ಳುತ್ತದೆ. ಹೊಲಿಗೆ ಎಷ್ಟೇ ಸಣ್ಣದಾಗಿದ್ದರೂ ಅದನ್ನು ಸರಿಪಡಿಸಲಾರದು.

ಈ ವಿದ್ಯೆಯ ಬೇರು ಹಡಗು ಕಟ್ಟುವವರಲ್ಲಿದೆ. ಯುರೋಪಿನ ಹಡಗುಕಟ್ಟೆಗಳಲ್ಲಿ ವಿಶಾಲವಾದ ಮಾಳಿಗೆಯ ನೆಲದ ಮೇಲೆ ಹಡಗಿನ ಅಡ್ಡಕೊಯ್ತಗಳನ್ನು ನಿಜ ಅಳತೆಯಲ್ಲೇ ಬರೆಯುತ್ತಿದ್ದರು. ತೆಳುವಾದ ಮರದ ಪಟ್ಟಿಯನ್ನು ಬಾಗಿಸಿ, ಅಲ್ಲಲ್ಲಿ ಸೀಸದ ತೂಕವಿಟ್ಟು ಹಿಡಿದರೆ ನಯವಾದ ವಕ್ರರೇಖೆ ಸಿಗುತ್ತಿತ್ತು. ಆ ರೇಖೆಗಳಂತೆ ಕೊರೆದ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಹಲಗೆ ಹೊದಿಸುತ್ತಿದ್ದರು. ಎರಡು ಚೌಕಟ್ಟುಗಳ ನಡುವೆ ಹಲಗೆ ಹೇಗೆ ಸಾಗಬೇಕೆಂಬುದನ್ನು ಬಹುಮಟ್ಟಿಗೆ ಮರದ ಬಿಗಿತವೇ ತೀರ್ಮಾನಿಸುತ್ತಿತ್ತು, ಏಕೆಂದರೆ ಮರ ಅನಗತ್ಯವಾಗಿ ಬಾಗಲು ಒಪ್ಪುವುದಿಲ್ಲ. ಕಂಪ್ಯೂಟರಿನೊಳಗಿನ ಬಹುಭುಜಗಳ ಜಾಲಕ್ಕೆ ಅಂಥ ಹಟವಿಲ್ಲ. ಮರ ತಾನಾಗಿ ಮಾಡುತ್ತಿದ್ದ ತೀರ್ಮಾನವನ್ನು ಇಲ್ಲಿ ಯಾರಾದರೂ ನಿಯಮವಾಗಿ ಬರೆದುಕೊಡಬೇಕು.

ನಿಯಮ ತಪ್ಪುವ ಮೊದಲ ಜಾಗ, ಮುಚ್ಚಿದ ವಕ್ರರೇಖೆ. ವೃತ್ತಕ್ಕೆ ನಮ್ಮ ಕಣ್ಣಿನಲ್ಲಿ ಆರಂಭವಿಲ್ಲ, ತಂತ್ರಾಂಶದ ಸ್ಮೃತಿಯಲ್ಲಿ ಇದೆ. ಒಂದರ ಮೇಲೊಂದು ನಿಂತ ಎರಡು ಸಮಾನ ವೃತ್ತಗಳಲ್ಲಿ ತಲಾ 24 ಬಿಂದುಗಳಿವೆ ಎನ್ನೋಣ. ಆರಂಭದ ಬಿಂದುಗಳು ನೇರವಾಗಿ ಮೇಲೆ ಕೆಳಗೆ ಇದ್ದರೆ ಸಿಲಿಂಡರ್ ಸಿಗುತ್ತದೆ. ಮೇಲಿನದು 6 ಬಿಂದು ಜಾರಿದ್ದರೆ ಪ್ರತಿಯೊಂದು ಅಂಚಿನ ಮೇಲ್ತುದಿಯೂ ವೃತ್ತದ ಸುತ್ತ 90 ಡಿಗ್ರಿ ಸರಿದು, ನಡುವಿನ ತ್ರಿಜ್ಯ ಮೂಲದ 0.71 ಪಟ್ಟಿಗೆ ಇಳಿಯುತ್ತದೆ. 12 ಬಿಂದು ಜಾರಿದರೆ ಎಲ್ಲ ಅಂಚುಗಳೂ ನಡುವೆ ಒಂದೇ ಬಿಂದುವಿನಲ್ಲಿ ಸೇರಿಬಿಡುತ್ತವೆ. ಅಷ್ಟು ದೂರ ಹೋಗದೆ ಸೊಂಟ ಮಾತ್ರ ಸಣ್ಣಗಾದ ಆಕಾರದ ಹೆಸರು ಹೈಪರ್ಬೊಲಾಯ್ಡ್. ಹೂದಾನಿ ಮಾಡಹೊರಟವರಿಗೆ ದೋಷವಾಗಿ ಕಾಣುವ ಇದನ್ನೇ ರಷ್ಯಾದ ಎಂಜಿನಿಯರ್ ವ್ಲಾದಿಮಿರ್ ಶುಖೋವ್ ಬೇಕೆಂದೇ ಕಟ್ಟಿದರು. 1896ರಲ್ಲಿ ನಿಜ್ನಿ ನೊವ್‌ಗೊರೊದ್ ವಸ್ತುಪ್ರದರ್ಶನಕ್ಕೆ ಅವರು ನಿಲ್ಲಿಸಿದ ನೀರಿನ ಗೋಪುರ, 1922ರಲ್ಲಿ ಮುಗಿದ ಮಾಸ್ಕೋದ ಶಾಬೊಲೊವ್ಕಾ ರೇಡಿಯೊ ಗೋಪುರ, ಎರಡೂ ನೇರ ಉಕ್ಕಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಹೈಪರ್ಬೊಲಾಯ್ಡ್‌ಗಳೇ. ಆ ಓರೆ ಪಟ್ಟಿಗಳಲ್ಲಿ ಒಂದನ್ನೂ ಬಗ್ಗಿಸದೆ ವಕ್ರ ಮೇಲ್ಮೈ ನಿಲ್ಲಿಸಿದ ಆ ಗೋಪುರಗಳನ್ನು ಚಿತ್ರದಲ್ಲಿ ನೋಡಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಎರಡನೆಯ ತೊಡಕು ಹೊರನೋಟಕ್ಕೆ ಕಾಣುವುದೇ ಇಲ್ಲ. ಸಿಟ್ರೊಯೆನ್ ಕಾರು ಕಂಪನಿಯ ಪಾಲ್ ದ ಕಾಸ್ಟೆಲ್‌ಜೊ ಮತ್ತು ರೆನೊ ಕಂಪನಿಯ ಪಿಯರ್ ಬೆಜಿಯೆ ರೂಪಿಸಿದ ವಕ್ರರೇಖೆಗಳಲ್ಲಿ ಬಿಂದುವಿನ ಸ್ಥಾನವನ್ನು 0ಯಿಂದ 1ರವರೆಗೆ ಸಾಗುವ ಒಂದು ಸಂಖ್ಯೆ ಹೇಳುತ್ತದೆ. ಆ ಸಂಖ್ಯೆ ಅರ್ಧಕ್ಕೆ ಬಂದಾಗ ರೇಖೆಯೂ ಅರ್ಧ ಸಾಗಿರುತ್ತದೆ ಎಂದು ಭಾವಿಸಿದರೆ ಕೆಟ್ಟೆವು. ರೇಖೆಯನ್ನು ಬಾಗಿಸುವ ಎರಡೂ ಹಿಡಿಕೆಗಳನ್ನು ಆರಂಭದ ಬಿಂದುವಿಗೇ ಎಳೆದಿಟ್ಟ ನೇರ ಗೆರೆಯಲ್ಲಿ ಸಾಗಿದ ದೂರ ಆ ಸಂಖ್ಯೆಯ ಘನಕ್ಕೆ ಸಮ. ಸಂಖ್ಯೆ ಅರ್ಧವಾದಾಗ ದೂರ ಎಂಟನೆಯ ಒಂದು ಭಾಗ ಮಾತ್ರ. ಇಂಥ ರೇಖೆಯನ್ನು ಸಾಮಾನ್ಯ ಗೆರೆಯೊಂದಕ್ಕೆ ಜೋಡಿಸಿದರೆ ಅಂಚುಗಳು ಒಂದು ತುದಿಯಲ್ಲಿ ಗಿಜಿಗುಟ್ಟಿ, ಇನ್ನೊಂದು ತುದಿಯಲ್ಲಿ ವಿರಳವಾಗುತ್ತವೆ. ರೇಖೆಯ ಉದ್ದವನ್ನೇ ಅಳೆದು ಬಿಂದುಗಳನ್ನು ಸಮದೂರದಲ್ಲಿ ಮರುಹಂಚುವುದು ಇದಕ್ಕೆ ಪರಿಹಾರ.

ಎರಡು ರೇಖೆಗಳಲ್ಲಿ ಬಿಂದುಗಳ ಸಂಖ್ಯೆಯೇ ಬೇರೆಯಾದರೆ, ಅಥವಾ ಆಕಾರಗಳು ತೀರ ಭಿನ್ನವಾದರೆ? ವೈದ್ಯಕೀಯ ಚಿತ್ರಣದಲ್ಲಿ ಈ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಅಂಗವೊಂದರ ಅಡ್ಡಕೊಯ್ತಗಳ ಹೊರಗೆರೆಗಳು ಸಿಗುತ್ತವೆ, ನಡುವಿನ ಮೇಲ್ಮೈಯನ್ನು ಕಟ್ಟಿಕೊಳ್ಳಬೇಕು. ತಲಾ 20 ತುಂಡುಗಳ ಎರಡು ತೆರೆದ ಗೆರೆಗಳ ನಡುವೆ 40 ತ್ರಿಭುಜಗಳು ಕೂರುತ್ತವೆ. ಅವನ್ನು ಕೂರಿಸುವ ವಿಧಾನಗಳೋ 13,784 ಕೋಟಿಗೂ ಹೆಚ್ಚು! 1977ರಲ್ಲಿ ಹೆನ್ರಿ ಫುಕ್ಸ್, ಜ್ವಿ ಕೆಡೆಮ್, ಸ್ಯಾಮ್ಯುಯೆಲ್ ಯೂಸೆಲ್ಟನ್ ತೋರಿಸಿಕೊಟ್ಟ ದಾರಿ ನನ್ನ ಪಾಲಿಗೆ ಈ ಕ್ಷೇತ್ರದ ಅತ್ಯಂತ ಸುಂದರ ಯೋಚನೆ. ಒಂದು ಗೆರೆಯ ಬಿಂದುಗಳನ್ನು ಅಡ್ಡಲಾಗಿ, ಇನ್ನೊಂದರ ಬಿಂದುಗಳನ್ನು ಉದ್ದವಾಗಿ ಬರೆದು ಚೌಕಮನೆಗಳ ಹಾಳೆ ಮಾಡಿಕೊಳ್ಳಿ. ಹಾಳೆಯ ಪ್ರತಿಯೊಂದು ಸಂಧಿಯೂ ಒಂದು ಜೋಡಿ, ಅಂದರೆ ಒಂದು ಅಂಚು. ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಮೊದಲ ಗೆರೆಯಲ್ಲಿ ಪಾದವಿರುವ ತ್ರಿಭುಜ, ಕೆಳಕ್ಕೆ ಇಟ್ಟರೆ ಎರಡನೆಯದರಲ್ಲಿ ಪಾದವಿರುವ ತ್ರಿಭುಜ. ಹೆಜ್ಜೆಯ ಬೆಲೆ ಆ ತ್ರಿಭುಜದ ವಿಸ್ತೀರ್ಣ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗುವ ಯಾವುದೇ ಹಾದಿ ಒಂದು ಪೂರ್ಣ ಮೇಲ್ಮೈ, ಅತಿ ಅಗ್ಗದ ಹಾದಿಯೇ ಅತಿ ಕಡಿಮೆ ವಿಸ್ತೀರ್ಣದ ಮೇಲ್ಮೈ. ಯಾವುದೇ ಸಂಧಿಗೆ ಎಡದಿಂದ ಇಲ್ಲವೇ ಮೇಲಿನಿಂದ ಮಾತ್ರ ಬರಬಹುದಾದ್ದರಿಂದ ಆ ಎರಡರಲ್ಲಿ ಅಗ್ಗವಾದುದನ್ನು ನೆನಪಿಟ್ಟುಕೊಂಡು ಮುಂದುವರಿದರೆ ಸಾಕು. 21ಕ್ಕೆ 21, ಒಟ್ಟು 441 ಸಂಧಿಗಳ ಲೆಕ್ಕದಲ್ಲಿ ಸಾವಿರಾರು ಕೋಟಿ ಆಯ್ಕೆಗಳ ನಡುವಿನ ಉತ್ತಮವಾದುದು ಕೈಗೆ ಸಿಗುತ್ತದೆ. ಮುಚ್ಚಿದ ಗೆರೆಗಳಿಗೆ ಆರಂಭದ ಜೋಡಿಯನ್ನೂ ಹುಡುಕಬೇಕು, ತತ್ವ ಅದೇ.

ಇನ್ನು ಹೇಳಿದ್ದ ಆ ಹಳೆಯ ಕಥೆ. ಮೇಲ್ಮೈಯ ಮೇಲೆ ಬಿಂದುಗಳನ್ನು ಗುರುತಿಸಿ, ತ್ರಿಭುಜಗಳನ್ನು ಸಣ್ಣದಾಗಿಸುತ್ತ ಹೋದರೆ ಅವುಗಳ ಒಟ್ಟು ವಿಸ್ತೀರ್ಣ ನಿಜವಾದ ವಿಸ್ತೀರ್ಣಕ್ಕೆ ಹತ್ತಿರವಾಗುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದ ಪಠ್ಯಪುಸ್ತಕವೂ ಹೇಳುತ್ತಿತ್ತು. 1880ರ ಸುಮಾರಿಗೆ ಜರ್ಮನಿಯ ಹರ್ಮನ್ ಶ್ವಾರ್ಟ್ಸ್ ಸಾಧಾರಣ ಸಿಲಿಂಡರಿನಲ್ಲೇ ಅದನ್ನು ಸುಳ್ಳು ಮಾಡಿದರು. ತ್ರಿಜ್ಯ ಮತ್ತು ಎತ್ತರ ಸಮನಾದ ಸಿಲಿಂಡರನ್ನು ಅಡ್ಡಲಾಗಿ 100 ಪಟ್ಟಿ ಮಾಡಿ, ಪಟ್ಟಿಗಳ ಗಡಿಯಾದ ಪ್ರತಿ ಬಳೆಯಲ್ಲಿ 100 ಬಿಂದು ಇಟ್ಟು, ಒಂದು ಬಿಟ್ಟು ಒಂದು ಬಳೆಯನ್ನು ಅರ್ಧ ಹೆಜ್ಜೆ ತಿರುಗಿಸಿ ಜೋಡಿಸಿ. 20,000 ತ್ರಿಭುಜಗಳಾಗುತ್ತವೆ, ವಿಸ್ತೀರ್ಣದಲ್ಲಿ ತಪ್ಪು ಸಾವಿರದಲ್ಲಿ ಒಂದು ಪಾಲಿನಷ್ಟು. ಈಗ ಬಿಂದುಗಳನ್ನು 100ರಲ್ಲೇ ಇಟ್ಟು ಪಟ್ಟಿಗಳನ್ನು 10,000ಕ್ಕೆ ಏರಿಸಿ. 20 ಲಕ್ಷ ತ್ರಿಭುಜಗಳು, ಎಲ್ಲ ಶೃಂಗಗಳೂ ಸಿಲಿಂಡರಿನ ಮೇಲೆಯೇ ಇವೆ, ಆದರೂ ವಿಸ್ತೀರ್ಣ ನಿಜವಾದುದರ ಸುಮಾರು 5 ಪಟ್ಟು! ಬಳೆಗಳು ಒತ್ತೊತ್ತಾಗಿ ಬಂದಾಗ ತ್ರಿಭುಜಗಳು ನೆಟ್ಟಗೆ ನಿಲ್ಲಲಾರದೆ ಮಲಗಿಬಿಡುತ್ತವೆ, ಮೇಲ್ಮೈ ಒಳಹೊರಗೆ ಮಡಚಿಕೊಳ್ಳುತ್ತದೆ. ಸ್ಥಾನ ಸರಿಯಿದ್ದು ದಿಕ್ಕು ಪೂರ್ತಿ ತಪ್ಪಿರುತ್ತದೆ. ಥ್ರೀಡಿ ಚಿತ್ರದಲ್ಲಿ ಬೆಳಕಿನ ಲೆಕ್ಕ ನಡೆಯುವುದು ಬಹುಭುಜ ಮುಖ ಮಾಡಿರುವ ದಿಕ್ಕಿನಿಂದ. ಹಾಗಾಗಿ ಮಲಗಿದ ತ್ರಿಭುಜಗಳು ಪರದೆಯ ಮೇಲೆ ಕಪ್ಪು ಗೀರುಗಳಾಗಿ ಕಾಣಿಸಿಕೊಳ್ಳುತ್ತವೆ.

ಅದಕ್ಕಾಗಿಯೇ ವಿಭಾಗಗಳ ಸಂಖ್ಯೆಗೆ ಕೈ ಹಾಕುವ ಮುನ್ನ ಜಾಲದ ಅಂಚುಗಳನ್ನು ತೆರೆದು ನೋಡಿ. ಎಲ್ಲವೂ ಒಂದೇ ಕಡೆಗೆ ಓರೆಯಾಗಿದ್ದರೆ ಆರಂಭದ ಬಿಂದು ಜಾರಿದೆ. ರೈನೊ ತಂತ್ರಾಂಶದಲ್ಲಿ ಅದನ್ನು ಎಳೆದು ಸರಿಪಡಿಸಬಹುದು, ಬ್ಲೆಂಡರ್ ತಂತ್ರಾಂಶದಲ್ಲಿ ಎರಡು ಅಂಚುಸಾಲುಗಳನ್ನು ಕೂಡಿಸುವ ‘ಬ್ರಿಜ್’ ಆದೇಶದಲ್ಲಿ ‘ಟ್ವಿಸ್ಟ್’ ಸಂಖ್ಯೆ ಬದಲಾಯಿಸಬಹುದು. ಅಂಚುಗಳು ನಡುವೆ ಒಂದನ್ನೊಂದು ದಾಟಿದ್ದರೆ ಒಂದು ರೇಖೆ ಹಿಮ್ಮುಖವಾಗಿದೆ, ಅದರ ದಿಕ್ಕು ತಿರುಗಿಸಬೇಕು. ಒಂದು ತುದಿಯಲ್ಲಿ ಗುಂಪುಗಟ್ಟಿದ್ದರೆ ಬಿಂದುಗಳನ್ನು ಉದ್ದದ ಅಳತೆಯಲ್ಲಿ ಮರುಹಂಚಬೇಕು. ತ್ರಿಭುಜಗಳು ಚೂಪಾಗಿ, ಅಗಲ ಹೆಚ್ಚಾಗಿ ಎತ್ತರ ಕಳೆದುಕೊಂಡಿದ್ದರೆ ಅಡ್ಡ ವಿಭಾಗಗಳನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಬೇಕು.