ಮಗುವಿನ ಪದ ಎಣಿಸುವಾಗ ಮನೆಯ ಎಲ್ಲ ಭಾಷೆಯನ್ನೂ ಸೇರಿಸಿ

"ಮನೇಲಿ ತುಳು, ಅಜ್ಜಿ ಹತ್ರ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ. ಅದಕ್ಕೇ ಮಗುವಿಗೆ ಮಾತು ಬರ್ತಿಲ್ಲ, ಅಲ್ವಾ ಮೇಡಂ?" ಮಾತು ತಡವಾಯಿತೆಂದು ಮಗುವನ್ನು ನನ್ನ ಹತ್ತಿರ ಕರೆತರುವ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ತಾಯಂದಿರು ಮೊದಲು ಕೇಳುವುದು ಇದನ್ನೇ. ಅಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಯಾವ ಮಗುವಿನ ಮಾತೂ ತಡವಾಗುವುದಿಲ್ಲ. ಹಾಗಿದ್ದರೂ "ಇನ್ನು ಒಂದೇ ಭಾಷೆ ಮಾತಾಡಿ" ಎಂದು ಯಾರೋ ಹೇಳಿ, ಅಜ್ಜಿ ಮೊಮ್ಮಗುವಿನ ಹತ್ತಿರ ಮಾತು ಕಡಿಮೆ ಮಾಡಿಬಿಡುತ್ತಾರೆ. ನನಗೆ ತುಂಬ ಸಂಕಟವಾಗುವುದು ಇದಕ್ಕೆ. ಮಗುವಿನ ಹತ್ತಿರ ಹೆಚ್ಚು ಹೊತ್ತು ಕೂತು ಮಾತಾಡುವವರೇ ಅವರು.

ಎಷ್ಟೋ ಸಲ ತಪ್ಪುವುದು ಲೆಕ್ಕ. ಎರಡು ವರ್ಷದ ಮಗು ಬೆಕ್ಕಿಗೆ ತುಳುವಿನಲ್ಲಿ 'ಪುಚ್ಚೆ' ಅನ್ನುತ್ತದೆ, ಊಟಕ್ಕೆ 'ಮಮ್ಮು', ನಾಯಿ ಕಂಡರೆ 'ಬೌಬೌ'. ತಾಯಿ ಕನ್ನಡದ್ದು ಮಾತ್ರ ಎಣಿಸಿ "ಹತ್ತು ಪದವೂ ಇಲ್ಲ" ಎನ್ನುತ್ತಾರೆ. ಒಂದೇ ಅರ್ಥಕ್ಕೆ ಪ್ರತಿ ಸಲವೂ ಬಳಸಿದರೆ 'ಬೌಬೌ' ಕೂಡ ಪದವೇ. ಅಮ್ಮನ ಹತ್ತಿರ 'ಪುಚ್ಚೆ', ಅಜ್ಜಿ ಹತ್ತಿರ 'ಬೆಕ್ಕು' ಅಂದರೆ ಎರಡು ಪದ. 'ಬಾ', 'ಬೇಡ', 'ಕೊಡು' ಇವನ್ನೂ ಬಿಡಬೇಡಿ.

ಆಡುವುದಕ್ಕಿಂತ ಎಷ್ಟೋ ಮೊದಲೇ ಮಗುವಿಗೆ ಅರ್ಥವಾಗುತ್ತಿರುತ್ತದೆ. "ಅಜ್ಜ ಎಲ್ಲಿ?" ಅಂದರೆ ತಿರುಗಿ ನೋಡುವ ಕೂಸು ಒಳಗೊಳಗೇ ಪದ ಕೂಡಿಸುತ್ತಿದೆ. ಮೊದಲ ಪದ ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಲ್ಲಿ ಬರುತ್ತದೆ. ಒಂದೂವರೆ ವರ್ಷದ ನಂತರ ಹಲವು ಮಕ್ಕಳಲ್ಲಿ ವೇಗ ಹೆಚ್ಚುತ್ತದೆ.

ಪದ ಬೇಗ ಅಂಟುವುದು ಮಗುವಿನ ಕಣ್ಣು ಎಲ್ಲಿದೆಯೋ ಅಲ್ಲಿ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಡೆ ಬೆರಳು ತೋರಿಸಿತು ಅನ್ನಿ. ಪಕ್ಕದಲ್ಲಿ ಕೂತು "ಅಡಿಕೆ. ಹಾಂ, ಅಡಿಕೆ. ಅಜ್ಜ ಅಡಿಕೆ ಹರಡಿದ್ರು" ಎನ್ನಿ. ಆಮೇಲೆ ಸುಮ್ನೆ ಸ್ವಲ್ಪ ಹೊತ್ತು ಕಾಯಿರಿ. ಬರೀ ದನಿ ಬಂದರೂ ಅದಕ್ಕೆ ಉತ್ತರ ಕೊಡಿ. "ಇದೇನು? ಹೇಳು, ಹೇಳು" ಎಂದು ಪರೀಕ್ಷೆ ಮಾಡಬೇಡಿ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಆಡನ್ನೂ 'ಅಂಬಾ' ಅಂದಿತೇ? ನಗಬೇಡಿ, ಬೈಯಬೇಡಿ. ನಾಲ್ಕು ಕಾಲಿನ ಹೋಲಿಕೆ ಅದಕ್ಕೆ ಹೊಳೆದಿದೆ. "ಇದು ಆಡು, ಮೇ ಅನ್ನುತ್ತೆ" ಅಂದರೆ ಸಾಕು.

ಮೊಬೈಲ್ ಹೀಗೆ ಕಾಯುವುದಿಲ್ಲ, ಮಗುವಿನ ಕಣ್ಣು ಎಲ್ಲಿದೆ ಎಂದೂ ನೋಡುವುದಿಲ್ಲ. ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಆದರೆ ಎಲ್ಲ ಭಾಷೆ ಸೇರಿಸಿದರೂ ಎರಡು ವರ್ಷಕ್ಕೆ 50 ಪದ ಆಗದಿದ್ದರೆ, 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದಿದ್ದರೆ, "ಅವರಪ್ಪನೂ ಲೇಟಾಗಿ ಮಾತಾಡಿದ್ದು" ಎಂದು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಸರಿ ಇದ್ದರೂ ಮಾಡಿಸಿ, ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಕಡಿಮೆಯಾಗಿರಬಹುದು. ಆಡುತ್ತಿದ್ದ ಪದಗಳು ನಿಂತುಹೋದರಂತೂ ಯಾವ ವಯಸ್ಸಾದರೂ ಸರಿ, ಕೂಡಲೇ ತೋರಿಸಿ. ಬರುವಾಗ ಮಗುವಿನ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತನ್ನಿ. ಅಜ್ಜಿಯನ್ನೂ ಅಂಗನವಾಡಿ ಟೀಚರನ್ನೂ ಕೇಳಿ ಬರೆಯಿರಿ.